ಸಂಬಳದ ಚೀಟಿಯಲ್ಲಿ ಕಾಣದ ಇಳಿತ

2020ರ ಮೇ 8ರಂದು ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ತನ್ನ ತಿಂಗಳ ವರದಿ ಹೊರಡಿಸಿತು. ಅದರಲ್ಲಿದ್ದ ಒಂದು ಸಂಖ್ಯೆಯನ್ನು ಲೋಕವೆಲ್ಲ ಓದಿತು: ಏಪ್ರಿಲ್ ಒಂದೇ ತಿಂಗಳಲ್ಲಿ 2 ಕೋಟಿ 5 ಲಕ್ಷ ಉದ್ಯೋಗಗಳು ಹೋಗಿದ್ದವು, ನಿರುದ್ಯೋಗ ಶೇ 14.7ಕ್ಕೆ ಜಿಗಿದಿತ್ತು. ಅದೇ ವರದಿಯ ಇನ್ನೊಂದು ಸಂಖ್ಯೆಯನ್ನು ಕಂಡವರು ಕಣ್ಣುಜ್ಜಿಕೊಂಡು ಮತ್ತೊಮ್ಮೆ ಓದಿರಬೇಕು. ಖಾಸಗಿ ವಲಯದ ಸರಾಸರಿ ಗಂಟೆ ಸಂಬಳ ಅದೇ ತಿಂಗಳಲ್ಲಿ 1.34 ಡಾಲರ್ ಏರಿ 30.01 ಡಾಲರ್ ಮುಟ್ಟಿತ್ತು. ಶೇ 4.7ರಷ್ಟು ಏರಿಕೆ. ಮಾಮೂಲು ದಿನಗಳಲ್ಲಿ ಇಷ್ಟು ಏರಲು ವರ್ಷದ ಮೇಲೆ ಹಿಡಿಯುತ್ತದೆ.

ಬೀದಿ ಬಿಕೋ ಎನ್ನುತ್ತಿದ್ದಾಗ, ಅಂಗಡಿ ಹೋಟೆಲುಗಳಿಗೆ ಬೀಗ ಬಿದ್ದಿದ್ದಾಗ ಯಾವ ಮಾಲೀಕ ಸಂಬಳ ಏರಿಸಿದ? ಏರಿಸಿದವರು ತೀರಾ ಕಡಿಮೆ. ಹಾಗಾದರೆ ಸರಾಸರಿ ಏರಿದ್ದು ಹೇಗೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು.

ಹತ್ತು ಜನ ದುಡಿಯುವ ಒಂದು ದರ್ಶಿನಿ ಇದೆ ಎಂದುಕೊಳ್ಳಿ. ಕ್ಲೀನರ್, ಸಪ್ಲೈಯರ್ ಸೇರಿ ಆರು ಮಂದಿಗೆ ತಿಂಗಳಿಗೆ 15,000 ರೂಪಾಯಿ; ನಾಲ್ವರು ಅಡುಗೆ ಭಟ್ಟರಿಗೆ 35,000. ಒಟ್ಟು 2,30,000, ತಲಾ ಸರಾಸರಿ 23,000. ವ್ಯಾಪಾರ ಬಿತ್ತು. ಮಾಲೀಕರು 15,000ದವರಲ್ಲಿ ನಾಲ್ವರನ್ನು ಮನೆಗೆ ಕಳಿಸಿ, ಭಟ್ಟರ ಸಂಬಳದಲ್ಲೂ ತಲಾ ಎರಡು ಸಾವಿರ ಹಿಡಿದರು. ಈಗ ಉಳಿದ ಆರು ಮಂದಿಗೆ ಕೊಡುವುದು 1,62,000, ಸರಾಸರಿ 27,000. ಕೆಲಸದಲ್ಲಿ ಉಳಿದವರಲ್ಲಿ ಒಬ್ಬರಿಗೂ ಒಂದು ರೂಪಾಯಿ ಹೆಚ್ಚಾಗಿಲ್ಲ, ನಾಲ್ವರಿಗೆ ಕಡಿಮೆಯೇ ಆಗಿದೆ, ಇನ್ನು ನಾಲ್ವರಿಗೆ ಏನೂ ಇಲ್ಲ. ಸರಾಸರಿ ಮಾತ್ರ ನಾಲ್ಕು ಸಾವಿರ ಮೇಲೆ ಹೋಯಿತು. ಅಮೆರಿಕದಲ್ಲಿ ಆ ತಿಂಗಳು ಆದದ್ದೂ ಇದೇ. ಹೋಟೆಲು, ಪ್ರವಾಸ, ಮನರಂಜನೆಯ ವಲಯ ಒಂದರಲ್ಲೇ 77 ಲಕ್ಷ ಉದ್ಯೋಗ ಹೋಗಿದ್ದವು. ಆ ದೇಶದಲ್ಲಿ ಎಲ್ಲಕ್ಕಿಂತ ಕಡಿಮೆ ಸಂಬಳ ಕೊಡುವ ವಲಯವೂ ಅದೇ.

ಪ್ರತಿ ಹಿಂಜರಿತದಲ್ಲೂ ಈ ಮೋಸ ಸಣ್ಣ ಪ್ರಮಾಣದಲ್ಲಿ ನಡೆಯುತ್ತಲೇ ಇರುತ್ತದೆ. ಇಳಿಗಾಲದಲ್ಲಿ ಮೊದಲು ಹೊರಬೀಳುವವರು ಕಡಿಮೆ ಸಂಬಳದವರು. ಏರುಗಾಲದಲ್ಲಿ ಒಳಗೆ ಬರುವವರೂ ಅವರೇ. ಬಂದು ಸರಾಸರಿಯನ್ನು ಕೆಳಗೆ ಎಳೆಯುತ್ತಾರೆ. ಹೀಗಾಗಿ ದೇಶದ ಸರಾಸರಿ ಸಂಬಳದ ರೇಖೆಯನ್ನು ನೋಡಿ, ಆರ್ಥಿಕತೆ ಏನೇ ಆದರೂ ಸಂಬಳಕ್ಕೆ ಬಿಸಿ ತಟ್ಟುವುದಿಲ್ಲ ಎಂದು ನಂಬಿದವರು ಬಹಳ. ನಂಬಿದವರಲ್ಲಿ ದಡ್ಡರು ಕಡಿಮೆ, ಅರ್ಥಶಾಸ್ತ್ರಜ್ಞರೇ ಹೆಚ್ಚು.

ಈ ಪ್ರಶ್ನೆಗೆ ಹಳೆಯದೊಂದು ಜಗಳದ ಹಿನ್ನೆಲೆಯಿದೆ. 1936ರಲ್ಲಿ ಜಾನ್ ಮೇನಾರ್ಡ್ ಕೇನ್ಸ್ ತಮ್ಮ ದೊಡ್ಡ ಪುಸ್ತಕ ಪ್ರಕಟಿಸಿದಾಗ ಹಳಬರ ಒಂದು ಸೂತ್ರವನ್ನು ಹಾಗೇ ಉಳಿಸಿಕೊಂಡಿದ್ದರು: ಉದ್ಯೋಗ ಹೆಚ್ಚಿದಾಗ ನಿಜ ವೇತನ, ಅಂದರೆ ಬೆಲೆ ಏರಿಕೆ ಕಳೆದು ಉಳಿಯುವ ಸಂಬಳ, ಇಳಿಯುತ್ತದೆ, ಉದ್ಯೋಗ ಕುಸಿದಾಗ ಏರುತ್ತದೆ. 1938ರಲ್ಲಿ ಜಾನ್ ಡನ್‌ಲಪ್ ಎಂಬ ಅಮೆರಿಕನ್ ತರುಣ ಬ್ರಿಟನ್ನಿನ ಅಂಕಿಗಳನ್ನು ಜಾಲಾಡಿ ಹಾಗಿಲ್ಲ ಎಂದ. 1939ರಲ್ಲಿ ಕೇನ್ಸರ ಶಿಷ್ಯನೇ ಆದ ಕೆನಡಾದ ಲೋರಿ ಟಾರ್ಷಿಸ್ ಅಮೆರಿಕದ ಅಂಕಿಗಳನ್ನು ಹಿಡಿದು ಅದಕ್ಕೆ ದನಿಗೂಡಿಸಿದ. ಇಬ್ಬರ ಲೇಖನಗಳೂ ಅಚ್ಚಾದದ್ದು ಕೇನ್ಸ್ ಸಂಪಾದಕರಾಗಿದ್ದ 'ಎಕನಾಮಿಕ್ ಜರ್ನಲ್'ನಲ್ಲಿ. ಅದೇ ವರ್ಷ ಅದೇ ಪತ್ರಿಕೆಯಲ್ಲಿ ಕೇನ್ಸ್ ಉತ್ತರ ಬರೆದು, ಅಂಕಿಗಳು ಹೀಗಿದ್ದರೆ ತಮ್ಮ ವಾದ ಇನ್ನೂ ಸಲೀಸಾಗುತ್ತದೆ ಎಂದು ಸೂತ್ರವನ್ನು ಸಡಿಲಗೊಳಿಸಿಕೊಂಡರು. ತನ್ನನ್ನು ತಿದ್ದುವ ಲೇಖನವನ್ನು ತಾನೇ ಅಚ್ಚು ಹಾಕುವ ಸಂಪಾದಕರು ಯಾವ ಕಾಲದಲ್ಲೂ ಅಪರೂಪವೇ.

ಆಮೇಲಿನ ನಾಲ್ಕು ದಶಕ ಜಗಳ ತೂಗುಯ್ಯಾಲೆಯಲ್ಲೇ ಉಳಿಯಿತು. ಒಬ್ಬರ ಲೆಕ್ಕದಲ್ಲಿ ನಿಜ ವೇತನ ಆರ್ಥಿಕತೆಯ ಜೊತೆ ಏರುತ್ತಿತ್ತು, ಇನ್ನೊಬ್ಬರ ಲೆಕ್ಕದಲ್ಲಿ ಎದುರು ದಿಕ್ಕಿಗೆ ಹೋಗುತ್ತಿತ್ತು, ಮತ್ತೊಬ್ಬರಿಗೆ ಅಲ್ಲಾಡಿದಂತೆಯೇ ಕಾಣುತ್ತಿರಲಿಲ್ಲ. ಎಲ್ಲರೂ ನೋಡುತ್ತಿದ್ದುದು ಸರಾಸರಿಯನ್ನು; ದರ್ಶಿನಿಯ ಲೆಕ್ಕದ ಆ ಸರಾಸರಿಯನ್ನೇ. ಬೇಕಾಗಿದ್ದದ್ದು ಅದೇ ಮನುಷ್ಯನನ್ನು ವರ್ಷ ವರ್ಷ ಹಿಂಬಾಲಿಸಿ, ಅವನ ಸಂಬಳ ಏನಾಯಿತು ಎಂದು ಕೇಳುವ ವ್ಯವಸ್ಥೆ. ಅಂಥದ್ದೊಂದನ್ನು ಮಿಷಿಗನ್ ವಿಶ್ವವಿದ್ಯಾಲಯ 1968ರಲ್ಲಿ ಶುರು ಮಾಡಿತು. ಸುಮಾರು ಐದು ಸಾವಿರ ಕುಟುಂಬಗಳನ್ನು ಆಯ್ದು, ಅವರನ್ನೂ ಮನೆ ಬಿಟ್ಟುಹೋದ ಅವರ ಮಕ್ಕಳನ್ನೂ ಬಿಡದೆ ಪ್ರಶ್ನಿಸುತ್ತಾ ಬಂತು. 1994ರಲ್ಲಿ ಗ್ಯಾರಿ ಸೋಲನ್, ರಾಬರ್ಟ್ ಬಾರ್ಸ್ಕಿ, ಜೊನಾಥನ್ ಪಾರ್ಕರ್ ಈ ದಾಖಲೆಯನ್ನು ಬಿಚ್ಚಿ, ಆಳು ಬದಲಾಗುವುದರಿಂದ ಆಗುವ ಮೋಸವನ್ನು ಕಳೆದು ನೋಡಿದರು. ಸರಾಸರಿ ತೋರಿಸುತ್ತಿದ್ದಕ್ಕಿಂತ ಎಷ್ಟೋ ಹೆಚ್ಚಾಗಿ ಒಬ್ಬೊಬ್ಬರ ನಿಜ ವೇತನ ಆರ್ಥಿಕತೆಯ ಜೊತೆ ಏರಿಳಿಯುತ್ತಿತ್ತು.

ಇಲ್ಲಿಗೆ ಒಂದು ಗಂಟು ಬಿಚ್ಚಿತು, ಇನ್ನೊಂದು ಬಿದ್ದಿತು. ಇಳಿಗಾಲದಲ್ಲಿ ಸಂಬಳ ನಿಜಕ್ಕೂ ಇಳಿಯುವುದಾದರೆ, ಸಂಬಳ ಕಡಿತವನ್ನು ನಾವು ಅಷ್ಟಾಗಿ ಕಾಣುವುದಿಲ್ಲವೇಕೆ?

ಸಂಬಳ ಕಡಿಯುವುದು ಮಾಲೀಕರಿಗೆ ಎಷ್ಟು ಕಷ್ಟ ಎನ್ನುವುದಕ್ಕೆ 1929 ಸಾಕ್ಷಿ. ಆ ವರ್ಷ ಷೇರುಪೇಟೆ ಕುಸಿದ ಮರುತಿಂಗಳೇ ಅಧ್ಯಕ್ಷ ಹರ್ಬರ್ಟ್ ಹೂವರ್ ದೊಡ್ಡ ಉದ್ಯಮಿಗಳನ್ನು ಶ್ವೇತಭವನಕ್ಕೆ ಕರೆಸಿ, ಸಂಬಳಕ್ಕೆ ಕೈ ಹಾಕಬೇಡಿ ಎಂದು ಕೇಳಿಕೊಂಡರು. ಬಂದವರಲ್ಲಿ ಹೆನ್ರಿ ಫೋರ್ಡ್ ಕೂಡ ಇದ್ದರು. ಬೆಲೆಗಳು ಬೀಳುತ್ತಿದ್ದರೂ ದೊಡ್ಡ ಕಂಪನಿಗಳ ಕೂಲಿ ದರ ಹೆಚ್ಚುಕಡಿಮೆ ಎರಡು ವರ್ಷ ಹಾಗೇ ನಿಂತಿತು. 1931ರ ಶರತ್ಕಾಲದಲ್ಲಿ ಯುಎಸ್ ಸ್ಟೀಲ್ ಶೇ 10ರಷ್ಟು ಕತ್ತರಿಸಿದ ಮೇಲೆ ಉಳಿದವರು ಹಿಂದೆ ಬಂದರು. ಅಷ್ಟರೊಳಗೆ ಲಕ್ಷಾಂತರ ಜನ ಬೀದಿಗೆ ಬಿದ್ದಾಗಿತ್ತು. ಕೂಲಿಯ ದರವನ್ನು ಕಾಯ್ದ ಕಂಪನಿಗಳು ಕೂಲಿಕಾರರನ್ನು ಕಾಯಲಿಲ್ಲ.

ಯೇಲ್ ವಿಶ್ವವಿದ್ಯಾಲಯದ ಟ್ರೂಮನ್ ಬೂಲಿ ಅಪ್ಪಟ ಗಣಿತದ ಅರ್ಥಶಾಸ್ತ್ರಿ. ಅಲ್ಲಿಯವರೆಗೆ ಸಮೀಕರಣ ಬಿಟ್ಟು ಹೊರಗೆ ಬಂದವರಲ್ಲ. 1990ರ ದಶಕದ ಆರಂಭದಲ್ಲಿ ಅಮೆರಿಕದ ಈಶಾನ್ಯ ಭಾಗಕ್ಕೆ ಹಿಂಜರಿತ ಬಡಿದಾಗ ಅವರು ನೋಟ್‌ಬುಕ್ ಹಿಡಿದು ಹೊರಟರು. ಮಾಲೀಕರು, ಮ್ಯಾನೇಜರುಗಳು, ಕಾರ್ಮಿಕ ನಾಯಕರು, ನಿರುದ್ಯೋಗಿಗಳಿಗೆ ಕೆಲಸ ಹುಡುಕಿಕೊಡುವವರು, ಹೀಗೆ ಮುನ್ನೂರಕ್ಕೂ ಹೆಚ್ಚು ಮಂದಿಯನ್ನು ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: ಹೊರಗೆ ಇಷ್ಟು ಜನ ಕೆಲಸಕ್ಕೆ ಕಾಯುತ್ತಿದ್ದಾರೆ, ಒಳಗಿರುವವರ ಸಂಬಳ ಯಾಕೆ ಇಳಿಸುವುದಿಲ್ಲ? 1999ರಲ್ಲಿ ಬಂದ ಅವರ ಪುಸ್ತಕದ ತುಂಬ ಇರುವ ಉತ್ತರ ಒಂದೇ ಮಾತಿನ ಸುತ್ತ ತಿರುಗುತ್ತದೆ: ಮನಸ್ಸು ಕೆಡುತ್ತದೆ. ಕೆಲಸದಿಂದ ತೆಗೆದರೆ ನೊಂದವನು ಗೇಟಿನಾಚೆ ಹೋಗುತ್ತಾನೆ; ಸಂಬಳ ಇಳಿಸಿದರೆ ನೊಂದವರೆಲ್ಲ ಒಳಗೇ ಕೂತು ಕೆಲಸ ಮಾಡಬೇಕು. ಇಂಥವರಿಂದ ಯಾವ ಕೆಲಸ ಆದೀತು? ಮೇಲಾಗಿ ಮೊದಲು ಬಿಟ್ಟುಹೋಗುವವರು ಕೈಚಳಕ ಇರುವವರು. ಮಾಲೀಕರ ಈ ಲೆಕ್ಕಾಚಾರದಲ್ಲಿ ಕರುಣೆಗೆ ಜಾಗವಿಲ್ಲ. ಇದ್ದರೆ ತೆಗೆಯುವುದಕ್ಕೂ ಮುಂಚೆ ನೆನಪಾಗುತ್ತಿತ್ತು.

ಮನಸ್ಸು ಕೆಡಿಸುವುದು ಅನ್ಯಾಯವಾಯಿತೆಂಬ ಭಾವ; ನ್ಯಾಯದ ಈ ಎಣಿಕೆ ರೂಪಾಯಿಯ ಸಂಖ್ಯೆಗೆ ಅಂಟಿಕೊಂಡಿರುತ್ತದೆ, ರೂಪಾಯಿಯ ಬೆಲೆಗಲ್ಲ. ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು ಕೆನಡಾದ ಜನರಿಗೆ ಫೋನ್ ಮಾಡಿ ಕೇಳಿದ ಪ್ರಶ್ನೆಗಳು 1986ರಲ್ಲಿ ಪ್ರಕಟವಾದವು. ಊರಲ್ಲಿ ಹಿಂಜರಿತವಿದೆ, ಬೆಲೆ ಏರಿಲ್ಲ; ಒಂದು ಕಂಪನಿ ಸಂಬಳವನ್ನು ಶೇ 7ರಷ್ಟು ಇಳಿಸಿತು. ಶೇ 62 ಮಂದಿ ಇದು ಅನ್ಯಾಯ ಎಂದರು. ಅದೇ ಊರು, ಅದೇ ಹಿಂಜರಿತ, ಆದರೆ ಬೆಲೆ ಶೇ 12ರಷ್ಟು ಏರಿದೆ. ಕಂಪನಿ ಸಂಬಳವನ್ನು ಶೇ 5ರಷ್ಟು ಮಾತ್ರ ಏರಿಸಿತು. ಅನ್ಯಾಯ ಎಂದವರು ಶೇ 22 ಮಾತ್ರ. ಎರಡರಲ್ಲೂ ಜೇಬಿಗೆ ಬಿದ್ದ ಕತ್ತರಿ ಹೆಚ್ಚುಕಡಿಮೆ ಒಂದೇ ಅಳತೆಯದು.

ಸಂಬಳ ಇಳಿಸದೆ ಇಳಿಸುವ ಈ ದಾರಿ ನಮಗೆ ಚೆನ್ನಾಗಿ ಗೊತ್ತು. 2020ರಲ್ಲಿ ಕೇಂದ್ರ ಸರ್ಕಾರ ತನ್ನ ನೌಕರರ ತುಟ್ಟಿಭತ್ಯೆಯ ಮೂರು ಕಂತುಗಳನ್ನು ತಡೆಹಿಡಿಯಿತು. 2021ರ ಜೂನ್‌ವರೆಗೆ ಅದು ಶೇ 17ರಲ್ಲೇ ನಿಂತಿತು. ಮೂಲ ವೇತನವನ್ನು ಯಾರೂ ಮುಟ್ಟಲಿಲ್ಲ. ಅದೇ ವರ್ಷ ಕರ್ನಾಟಕ ಸರ್ಕಾರವೂ ಕನಿಷ್ಠ ಕೂಲಿಗೆ ಸೇರಬೇಕಿದ್ದ ತುಟ್ಟಿಭತ್ಯೆಯನ್ನು ಮುಂದೂಡಿತು. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಅದು ತಿಂಗಳಿಗೆ ನಾನೂರು ಚಿಲ್ಲರೆ ರೂಪಾಯಿಯ ಪ್ರಶ್ನೆ. ಸಂಘಟನೆಗಳು ಅದನ್ನು ಹೈಕೋರ್ಟಿನವರೆಗೆ ಒಯ್ದವು. ಐಟಿ ಕಂಪನಿಗಳು ಕ್ಯಾಂಪಸ್ಸಿನಿಂದ ಬರುವ ಹುಡುಗರಿಗೆ ಕೊಡುವ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನ ಸಂಬಳ ದಶಕಕ್ಕೂ ಹೆಚ್ಚು ಕಾಲ ನಿಂತಲ್ಲೇ ನಿಂತ ಕಥೆಯೂ ಇದೇ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ 12 ವರ್ಷದಲ್ಲಿ ದುಪ್ಪಟ್ಟಾಗುತ್ತವೆ. ಮೂರೂವರೆ ಲಕ್ಷದ ಬೆಲೆ ಒಂದೂಮುಕ್ಕಾಲು ಲಕ್ಷಕ್ಕೆ ಬಂದು ನಿಲ್ಲುತ್ತದೆ. ಕಡಿತದ ಆದೇಶ ಎಲ್ಲೂ ಹೊರಡುವುದಿಲ್ಲ, ಆದ್ದರಿಂದ ಮುಷ್ಕರವೂ ನಡೆಯುವುದಿಲ್ಲ.

ಮಾಸಿಕ ಸಂಬಳ, ಎಚ್‌ಆರ್ ಇಲಾಖೆ, ಯೂನಿಯನ್ ಇದ್ದಲ್ಲಿ ಮಾತ್ರ ಇದೆಲ್ಲ, ಹಳ್ಳಿಯ ದಿನಗೂಲಿ ಪೇಟೆಯಲ್ಲಿ ಬೇಡಿಕೆ ಬಿದ್ದರೆ ಕೂಲಿ ಬಿದ್ದೇ ಬೀಳುತ್ತದೆ ಎಂಬ ಭಾವನೆ ಬಹುಕಾಲ ಇತ್ತು. ಸುಪ್ರೀತ್ ಕೌರ್ ಅದನ್ನು ಪರೀಕ್ಷೆಗೆ ಒಡ್ಡಿದರು. ಭಾರತದ ಸುಮಾರು ಆರುನೂರು ಜಿಲ್ಲೆಗಳ, 1956ರಿಂದ 2009ರವರೆಗಿನ ಮಳೆ ಮತ್ತು ಕೃಷಿ ಕೂಲಿಯ ಅಂಕಿಗಳನ್ನು ಪಕ್ಕಪಕ್ಕ ಇಟ್ಟು 2019ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಮಳೆ ಚೆನ್ನಾದ ವರ್ಷ ಆಳಿಗೆ ಬೇಡಿಕೆ ಹೆಚ್ಚಿ ಕೂಲಿ ಏರುತ್ತದೆ. ಬರ ಬಿದ್ದ ವರ್ಷ ಅದು ಇಳಿಯುವುದಿಲ್ಲ. ಹೋದ ವರ್ಷ ಏರಿದ ಕೂಲಿ ಈ ವರ್ಷ ಮಳೆ ಸಾಧಾರಣವಾದರೂ ಹಾಗೇ ನಿಂತಿರುತ್ತದೆ. ಆಗ ಜಮೀನುದಾರ ಮಾಡುವುದು ಒಂದೇ: ಕಡಿಮೆ ಆಳು ಕರೆಯುತ್ತಾನೆ. ಕೂಲಿಯ ದರ ಉಳಿಯುತ್ತದೆ, ಕೂಲಿ ಸಿಗುವ ದಿನಗಳು ಹೋಗುತ್ತವೆ, ಅದರ ಪೆಟ್ಟು ಭೂಮಿ ಇಲ್ಲದವರಿಗೆ. ಬೆಲೆ ಏರಿಕೆ ಜೋರಾಗಿದ್ದ ವರ್ಷಗಳಲ್ಲಿ ಈ ಪೆಟ್ಟು ಮೆತ್ತಗಾಗುತ್ತದೆ. ದರ ಹಾಗೇ ಇದ್ದರೂ ರೂಪಾಯಿ ಸವೆದಿರುತ್ತದೆ.

ಅದೇ ಕೌರ್, ಎಮಿಲಿ ಬ್ರೆಜಾ ಮತ್ತು ನಂದಿತಾ ಕೃಷ್ಣಸ್ವಾಮಿ ಒಡಿಶಾದ 183 ಹಳ್ಳಿಗಳಲ್ಲಿ ನಡೆಸಿದ ಪ್ರಯೋಗ ಇನ್ನೂ ಹತ್ತಿರದಿಂದ ನೋಡುತ್ತದೆ. ಕೆಲಸವಿಲ್ಲದ ದಿನಗಳಲ್ಲಿ ಕೂಲಿಕಾರರಿಗೆ ಊರ ರೇಟಿಗಿಂತ ಕಡಿಮೆಗೆ ಕೆಲಸ ಕೊಡಲಾಯಿತು. ಕೆಲವರನ್ನು ಮನೆಯೊಳಗೆ ಕೇಳಿದರು, ಕೆಲವರನ್ನು ಬೀದಿಯಲ್ಲಿ, ನಾಲ್ಕು ಜನರ ಕಿವಿಗೆ ಬೀಳುವಂತೆ. ಮನೆಯೊಳಗೆ ಒಪ್ಪಿದವರ ಸಂಖ್ಯೆ ಸಾಕಷ್ಟಿತ್ತು. ಬೀದಿಯಲ್ಲಿ ಒಪ್ಪಿದವರು ಇಲ್ಲವೇ ಇಲ್ಲ ಎನ್ನುವಷ್ಟು. ರೇಟು ಮುರಿದವನನ್ನು ಊರು ಸುಮ್ಮನೆ ಬಿಡುವುದಿಲ್ಲ. ಯೂನಿಯನ್ನಿನ ಬೋರ್ಡು ಇಲ್ಲದ ಯೂನಿಯನ್ ಅದು.

ಹೀಗೆ ಕೆಲಸದಲ್ಲಿ ಕೂತವರ ಸಂಬಳ ಕೆಳಗಿನಿಂದ ಕಟ್ಟು ಹಾಕಿದಂತಿದೆ. ಹಾಗಿದ್ದೂ ಒಬ್ಬೊಬ್ಬರನ್ನು ಹಿಂಬಾಲಿಸಿ ನೋಡಿದಾಗ ಸಂಬಳ ಏರುಗಾಲ ಇಳಿಗಾಲಗಳ ಚಕ್ರದ ಜೊತೆ ಏರಿಳಿಯುತ್ತದೆ. ಎರಡೂ ಒಟ್ಟಿಗೆ ನಿಜವಾಗುವುದಾದರೆ ಏರಿಳಿತ ಬೇರೆಲ್ಲೋ ನಡೆಯುತ್ತಿರಬೇಕು.

ಎಲ್ಲಿ ಎಂದು ಮೊದಲು ಬೊಟ್ಟು ಮಾಡಿದವರು ಮಾರ್ಕ್ ಬಿಲ್ಸ್, 1985ರಲ್ಲಿ. ಅಮೆರಿಕದ ತರುಣರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಒಂದು ಸಮೀಕ್ಷೆಯನ್ನು ಅವರು ಎರಡು ಪಾಲು ಮಾಡಿದರು: ಒಂದೇ ಕಡೆ ಕೆಲಸದಲ್ಲಿದ್ದವರು, ಕೆಲಸ ಬದಲಿಸಿದವರು ಅಥವಾ ಬಿಟ್ಟು ಮತ್ತೆ ಸೇರಿದವರು. ನಿಂತವರ ನಿಜ ವೇತನ ನಿರುದ್ಯೋಗದ ಏರಿಳಿತಕ್ಕೆ ಅಲ್ಪಸ್ವಲ್ಪ ಅಲ್ಲಾಡುತ್ತಿತ್ತು. ಓಡಾಡಿದವರದು ಅದರ ಹಲವು ಪಟ್ಟು ಕುಣಿಯುತ್ತಿತ್ತು. ಕೂತಲ್ಲಿ ಕೂತವನ ಸಂಬಳದ ಚೀಟಿಯಲ್ಲಿ ಹುಡುಕಿದರೆ ಚಕ್ರ ಸಿಗುವುದಿಲ್ಲ; ಅದು ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿದೆ.

ಮತ್ತು ಆ ದಾರಿ ಇಳಿಗಾಲದಲ್ಲಿ ಮುಚ್ಚುತ್ತದೆ. ಹಿಂಜರಿತ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಕೆಲಸ ಕಳೆದುಕೊಂಡವರ ಸಾಲು. ಆದರೆ ಅಮೆರಿಕ 2000ದ ಡಿಸೆಂಬರಿನಿಂದ ತಿಂಗಳು ತಿಂಗಳು ಇಟ್ಟ ಲೆಕ್ಕ ನೋಡಿದರೆ, 2008-09ರಲ್ಲಿ ಕೆಲಸದಿಂದ ತೆಗೆಸಿಕೊಂಡವರು ಹೆಚ್ಚಾದಂತೆ, ತಾವಾಗಿ ಬಿಟ್ಟವರು ಕಡಿಮೆಯಾಗುತ್ತ ಹೋಗಿದ್ದಾರೆ. ತಿಂಗಳಿಗೆ ನೂರಕ್ಕೆ ಇಬ್ಬರ ಆಸುಪಾಸು ಕೆಲಸ ಬಿಡುತ್ತಿದ್ದ ಕಡೆ 2009ರಲ್ಲಿ ಅದು 1.3ರ ಆಸುಪಾಸಿಗೆ ಇಳಿಯಿತು. ಹೊರದಬ್ಬಿಸಿಕೊಂಡವರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಬಿಡಬೇಕೆಂದಿದ್ದು ಬಿಡದೆ ಉಳಿದವರ ಫೋಟೊ ತೆಗೆಯುವುದಾದರೂ ಹೇಗೆ?

ಅವರು ಉಳಿದದ್ದರಿಂದ ಇನ್ನೂ ಯಾರ್ಯಾರೋ ಉಳಿಯುತ್ತಾರೆ. ಒಳ್ಳೆಯ ಕಂಪನಿಯಲ್ಲಿ ಒಬ್ಬ ಸೀನಿಯರ್ ಕೆಲಸ ಬಿಟ್ಟರೆ ಆ ಜಾಗಕ್ಕೆ ಮಧ್ಯಮ ಕಂಪನಿಯವನು ಹೋಗುತ್ತಾನೆ, ಅವನ ಜಾಗಕ್ಕೆ ಸಣ್ಣ ಕಂಪನಿಯವನು, ಅವನ ಜಾಗಕ್ಕೆ ಮೊನ್ನೆ ಡಿಗ್ರಿ ಮುಗಿಸಿದವಳು. ಒಂದು ರಾಜೀನಾಮೆಯ ಹಿಂದೆ ಮೂರು ಬಡ್ತಿಗಳು ಸಾಲು ನಿಂತಿರುತ್ತವೆ. ಮೇಲಿನವನು ಸಾಲದ ಕಂತಿಗೋ ಕಾಲದ ಭಯಕ್ಕೋ ಕುರ್ಚಿ ಬಿಡದಿದ್ದರೆ ಕೆಳಗಿನ ಸಾಲೆಲ್ಲ ನಿಲ್ಲುತ್ತದೆ. ಅರ್ಥಶಾಸ್ತ್ರಜ್ಞರು ಇದನ್ನು ಉದ್ಯೋಗದ ಏಣಿ ಎನ್ನುತ್ತಾರೆ. ಏಣಿಯ ಮೇಲಿನ ನೂಕುನುಗ್ಗಲು ಇದ್ದಾಗಲೇ ಸಂಬಳ ಏರುವುದು. ರಾಬರ್ಟ್ ಟೋಪೆಲ್ ಮತ್ತು ಮೈಕೆಲ್ ವಾರ್ಡ್ 1992ರಲ್ಲಿ ಅಮೆರಿಕದ ತರುಣರ ಬಗ್ಗೆ ಕಂಡುಕೊಂಡಂತೆ, ದುಡಿಮೆಯ ಮೊದಲ ಹತ್ತು ವರ್ಷದಲ್ಲಿ ಒಬ್ಬ ಸುಮಾರು ಏಳು ಕೆಲಸ ಹಿಡಿಯುತ್ತಾನೆ, ಆ ಅವಧಿಯ ಸಂಬಳ ಏರಿಕೆಯ ಮೂರರಲ್ಲಿ ಒಂದು ಪಾಲಾದರೂ ಬರುವುದು ಕೆಲಸ ಬದಲಿಸಿದ ದಿನಗಳಂದು. ಏಣಿ ಎರಡು ವರ್ಷ ನಿಂತರೆ ಕಳೆಯುವುದು ಈ ಪಾಲು.

ಬೆಂಗಳೂರಿನವರಿಗೆ ಇದನ್ನು ಉದಾಹರಣೆ ಕೊಟ್ಟು ವಿವರಿಸಬೇಕಿಲ್ಲ. 2021-22ರಲ್ಲಿ ಅವರೇ ಉದಾಹರಣೆಯಾಗಿದ್ದರು. ಕೋವಿಡ್ ನಂತರ ಜಗತ್ತಿನ ಕಂಪನಿಗಳೆಲ್ಲ ಒಮ್ಮೆಲೇ ಡಿಜಿಟಲ್ ಆಗಹೊರಟಾಗ ಇಲ್ಲಿ ಪೇಪರ್ ಹಾಕದವನೇ ಪಾಪಿ ಎಂಬಂತಿತ್ತು. 90 ದಿನದ ನೋಟಿಸ್ ಪೀರಿಯಡ್ ಮುಗಿಯುವುದರೊಳಗೆ ಕೈಯಲ್ಲಿದ್ದ ಆಫರ್ ತೋರಿಸಿ ಎರಡನೆಯದು, ಎರಡನೆಯದು ತೋರಿಸಿ ಮೂರನೆಯದು. ಇನ್ಫೋಸಿಸ್‌ನಲ್ಲಿ 2022ರ ಜೂನ್‌ಗೆ ಮುಗಿದ ಹನ್ನೆರಡು ತಿಂಗಳಲ್ಲಿ ತಾವಾಗಿ ಬಿಟ್ಟವರ ಪ್ರಮಾಣ ಶೇ 28.4. ಟಿಸಿಎಸ್‌ನಲ್ಲಿ ಅದೇ ವರ್ಷದ ಸೆಪ್ಟೆಂಬರಿಗೆ ಶೇ 21.5. ಆಮೇಲೆ ಅಮೆರಿಕದಲ್ಲಿ ಬಡ್ಡಿ ಏರಿತು, ಅಲ್ಲಿನ ಗ್ರಾಹಕ ಕಂಪನಿಗಳು ಕೈ ಹಿಡಿತ ಮಾಡಿದವು. 2024ರ ಮಾರ್ಚ್ ಹೊತ್ತಿಗೆ ಇನ್ಫೋಸಿಸ್ ಶೇ 12.6, ಟಿಸಿಎಸ್ ಶೇ 12.5. ಕಂಪನಿಗಳು ಇದನ್ನು ಒಳ್ಳೆಯ ಸುದ್ದಿಯೆಂದು ಹೂಡಿಕೆದಾರರಿಗೆ ಹೇಳಿದವು; ಅವರ ದೃಷ್ಟಿಯಿಂದ ಅದು ಸರಿಯೇ. ಕ್ಯೂಬಿಕಲ್‌ನಲ್ಲಿ ಕೂತವರ ಕಡೆಯಿಂದ ನೋಡಿದರೆ ಹೊರಗೆ ಹೋಗುವ ಬಾಗಿಲುಗಳಲ್ಲಿ ಅರ್ಧಕ್ಕರ್ಧ ಮುಚ್ಚಿಕೊಂಡಿವೆ ಎಂದರ್ಥ. ಯಾರ ಸಂಬಳವೂ ಕಡಿತವಾಗಲಿಲ್ಲ. ಹೈಕ್ ಸಣ್ಣದಾಯಿತು, ವೇರಿಯಬಲ್ ಪೇ ಪೂರ್ತಿ ಬರಲಿಲ್ಲ, ಹೋಗುವವನನ್ನು ಉಳಿಸಿಕೊಳ್ಳಲು ಕಂಪನಿ ಕೊಡುವ ಕೌಂಟರ್ ಆಫರ್ ಎಂಬ ಶಬ್ದ ಕೇಳಿಬರುವುದು ಕಡಿಮೆಯಾಯಿತು.

ಕೌಂಟರ್ ಆಫರ್ ವಿಷಯ ಬಂದದ್ದರಿಂದ ಒಂದು ಮಾತು. ನೌಕರರು ಬಿಟ್ಟುಹೋಗುವುದಕ್ಕೆ ಹೇಳುವ ಅಟ್ರಿಷನ್ ಎನ್ನುವುದನ್ನು ರೋಗದ ಹೆಸರಿನಂತೆ ಬಳಸುವ ರೂಢಿ ನಮ್ಮಲ್ಲಿದೆ, ಕೆಲಸ ಬದಲಿಸುವವರಿಗೆ ನಿಷ್ಠೆಯಿಲ್ಲ ಎನ್ನುವುದೂ ಇದೆ. ಬಿಟ್ಟುಹೋಗುವ ಸಾಧ್ಯತೆಯೇ ಬಿಡದೆ ಉಳಿದವರ ಸಂಬಳವನ್ನೂ ಮೇಲೆ ಹಿಡಿದಿರುತ್ತದೆ ಎಂಬುದು ನನಗೆ ಈ ಸಂಶೋಧನೆಗಳಲ್ಲೆಲ್ಲ ಕಾಣುವ ಗಟ್ಟಿ ಸಂಗತಿ. 1991ರಲ್ಲಿ ಪಾಲ್ ಬೋಡ್ರಿ ಮತ್ತು ಜಾನ್ ಡಿನಾರ್ಡೊ ಇದನ್ನು ಸೊಗಸಾದ ರೀತಿಯಲ್ಲಿ ತೋರಿಸಿದರು. ಒಬ್ಬನ ಇಂದಿನ ಸಂಬಳವನ್ನು ಊಹಿಸಲು ಇಂದಿನ ನಿರುದ್ಯೋಗದ ಪ್ರಮಾಣಕ್ಕಿಂತ, ಅವನು ಈ ಕೆಲಸಕ್ಕೆ ಸೇರಿದಂದಿನಿಂದ ಕಂಡ ಅತ್ಯಂತ ಕಡಿಮೆ ನಿರುದ್ಯೋಗದ ಪ್ರಮಾಣ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನಡುವೆ ಎಂದೋ ಪೇಟೆ ಬಿಗಿಯಾಗಿದ್ದಾಗ, ಬಿಟ್ಟುಹೋಗಿಬಿಟ್ಟಾನು ಎಂದು ಏರಿಸಿದ ಸಂಬಳ ಆಮೇಲೆ ಇಳಿಯುವುದಿಲ್ಲ. ಒಳ್ಳೆಯ ವರ್ಷದ ಗುರುತು ಸಂಬಳದಲ್ಲಿ ಉಳಿದುಬಿಡುತ್ತದೆ.

ಇದನ್ನು ಎಲ್ಲರೂ ಒಪ್ಪಿಲ್ಲ. ಮಾರ್ಕಸ್ ಹೇಗೆಡಾರ್ನ್ ಮತ್ತು ಯೂರಿ ಮನೋವ್‌ಸ್ಕಿ 2013ರಲ್ಲಿ ಎತ್ತಿದ ತಕರಾರು ಹೀಗಿದೆ: ಒಳ್ಳೆಯ ಕಾಲವನ್ನು ಕಂಡವನಿಗೆ ಆಫರ್‌ಗಳು ಹೆಚ್ಚು ಬಂದಿರುತ್ತವೆ, ಬಂದದ್ದರಲ್ಲಿ ತನಗೆ ಹೊಂದುವುದನ್ನು ಅವನು ಆರಿಸಿಕೊಂಡಿರುತ್ತಾನೆ. ಅವನ ಸಂಬಳ ಹೆಚ್ಚಿರುವುದು ಮಾಲೀಕ ಏರಿಸಿದ್ದಕ್ಕಲ್ಲ, ಅವನು ಸರಿಯಾದ ಜಾಗದಲ್ಲಿ ಇರುವುದಕ್ಕೆ.

ಈ ತಕರಾರಿನ ಒಳಗೇ ಇಡೀ ವಿಷಯದ ತಿರುಳಿದೆ. ಏರುಗಾಲದಲ್ಲಿ ಕೆಲಸ ಬದಲಿಸಿದವನಿಗೆ ಶೇ 40 ಹೈಕ್ ಸಿಕ್ಕಿತು ಎನ್ನಿ. ಅದೇ ಕುರ್ಚಿಯ ಬೆಲೆ ಏರಿತೇ, ಅಥವಾ ಅವನು ಹೆಚ್ಚು ಬೆಲೆಯ ಕುರ್ಚಿಗೆ ಹೋದನೇ? ದರ್ಶಿನಿಯ ಸರಾಸರಿಯಲ್ಲಿ ಆಳು ಬದಲಾಗಿ ಮೋಸವಾಗಿತ್ತು. ಇಲ್ಲಿ ಆಳು ಅವನೇ, ಬದಲಾದದ್ದು ಕುರ್ಚಿ. 2020ರಲ್ಲಿ ಮಾರ್ಕ್ ಗರ್ಟ್ಲರ್, ಕ್ರಿಸ್ಟೋಫರ್ ಹಕ್‌ಫೆಲ್ಟ್, ಅಂತೊನೆಲ್ಲಾ ತ್ರಿಗಾರಿ ಇದನ್ನು ಬಿಡಿಸಲು ಒಂದು ಜಾಣ ಉಪಾಯ ಹೂಡಿದರು. ಹೊಸದಾಗಿ ಸೇರಿದವರಲ್ಲಿ ಇನ್ನೊಂದು ಕಂಪನಿಯಿಂದ ಜಿಗಿದು ಬಂದವರು, ನಿರುದ್ಯೋಗದಿಂದ ಬಂದವರು ಎಂದು ಬೇರ್ಪಡಿಸಿದರು. ನಿರುದ್ಯೋಗದಿಂದ ಬಂದವರ ಸಂಬಳ ಹಳಬರ ಸಂಬಳಕ್ಕಿಂತ ಹೆಚ್ಚೇನೂ ಕುಣಿಯುತ್ತಿರಲಿಲ್ಲ. ಕುಣಿತವೆಲ್ಲ ಜಿಗಿದು ಬಂದವರದು. ಅಂದರೆ ಕುರ್ಚಿಯ ಬೆಲೆ ಹೊಸಬನಿಗೂ ಹಳಬನಿಗೂ ಒಂದೇ ರೀತಿ ಬಿಗಿಯಾಗಿದೆ. ಏರುಗಾಲದಲ್ಲಿ ಜನ ಒಳ್ಳೆಯ ಕುರ್ಚಿಗಳಿಗೆ ಏರುತ್ತಾರೆ, ಇಳಿಗಾಲದಲ್ಲಿ ಏರಲಾರರು. ಆರ್ಥರ್ ಓಕುನ್ 1973ರಲ್ಲೇ ಬೇರೆ ಮಾತುಗಳಲ್ಲಿ ಹೇಳಿದ್ದು ಇದನ್ನೇ: ಆರ್ಥಿಕತೆಗೆ ಒತ್ತಡ ಹೆಚ್ಚಿದ್ದಾಗ ಜನ ಕಡಿಮೆ ಸಂಬಳದ ಉದ್ಯಮಗಳಿಂದ ಹೆಚ್ಚು ಸಂಬಳದ ಉದ್ಯಮಗಳಿಗೆ ಹರಿದುಹೋಗುತ್ತಾರೆ.

ಇದು ಬರೀ ಪಂಡಿತರ ಕಚ್ಚಾಟವಲ್ಲ. ಹೊಸಬನ ಸಂಬಳ ಇಳಿಗಾಲದಲ್ಲಿ ಬೇಗ ಇಳಿಯುವಂತಿದ್ದರೆ, ಅಗ್ಗಕ್ಕೆ ಸಿಕ್ಕಾಗ ಕಂಪನಿಗಳು ಜನರನ್ನು ಸೇರಿಸಿಕೊಳ್ಳುತ್ತಿದ್ದವು, ನಿರುದ್ಯೋಗ ಇಷ್ಟೊಂದು ಜಿಗಿಯುತ್ತಿರಲಿಲ್ಲ. 2005ರಲ್ಲಿ ರಾಬರ್ಟ್ ಶೈಮರ್ ತೋರಿಸಿದ ಒಗಟು ಅದು: ಸಂಬಳ ಸಲೀಸಾಗಿ ಏರಿಳಿಯುವ ಪುಸ್ತಕದ ಮಾದರಿಯಲ್ಲಿ ನಿರುದ್ಯೋಗ ಹೆಚ್ಚೇನೂ ಅಲ್ಲಾಡುವುದಿಲ್ಲ, ನಿಜ ಜಗತ್ತಿನಲ್ಲಿ ಅದು ದುಪ್ಪಟ್ಟಾಗುತ್ತದೆ. ಹೊಸಬನ ಕುರ್ಚಿಯ ಬೆಲೆಯೂ ಬಿಗಿ ಎಂದಾದರೆ ಒಗಟು ಬಹುಮಟ್ಟಿಗೆ ಬಿಡಿಸಿದಂತೆ. ಸಂಬಳ ಇಳಿಯದ್ದರಿಂದ ನೇಮಕಾತಿ ನಿಲ್ಲುತ್ತದೆ, ನೇಮಕಾತಿ ನಿಂತದ್ದರಿಂದ ಏಣಿ ನಿಲ್ಲುತ್ತದೆ.

ನಿಂತ ಏಣಿಯ ಬುಡಕ್ಕೆ ಬಂದವರ ಪಾಡು ಏನು? ಕೆಟ್ಟ ವರ್ಷದಲ್ಲಿ ಡಿಗ್ರಿ ಮುಗಿಸುವುದು ಯಾರ ತಪ್ಪೂ ಅಲ್ಲ. ಫಿಲಿಪ್ ಓರಿಯೋಪೌಲಸ್, ಟಿಲ್ ಫಾನ್ ವಾಕ್ಟರ್ ಮತ್ತು ಆಂಡ್ರೂ ಹೈಸ್ ಕೆನಡಾದ ಪದವೀಧರರನ್ನು ಹಿಂಬಾಲಿಸಿದಾಗ, ಹಿಂಜರಿತದಲ್ಲಿ ಹೊರಬಂದವರ ಗಳಿಕೆ ಶುರುವಿನಲ್ಲಿ ಶೇ 9ರಷ್ಟು ಕಡಿಮೆಯಿತ್ತು, ಐದು ವರ್ಷಕ್ಕೆ ಅರ್ಧ ತುಂಬಿತ್ತು, ಹತ್ತು ವರ್ಷಕ್ಕೆ ಬಹುತೇಕ ಮಾಸಿತ್ತು. ಮಾಸಿದ್ದು ಕಂಪನಿ ಕೈಬಿಚ್ಚಿ ಕೊಟ್ಟದ್ದರಿಂದಲ್ಲ. ಸಣ್ಣ ಕಂಪನಿಯಲ್ಲಿ ಸಿಕ್ಕಿಬಿದ್ದವರು ಕಾಲ ಸುಧಾರಿಸಿದ ಮೇಲೆ ಒಂದೊಂದೇ ಜಿಗಿತ ಹಾಕಿ ದೊಡ್ಡ ಕಂಪನಿ ಸೇರಿದ್ದರಿಂದ. ಅಷ್ಟು ಚುರುಕಾಗಿ ಜಿಗಿಯಲಾಗದವರಿಗೆ ನಷ್ಟ ಬಹಳ ಕಾಲ ಉಳಿಯಿತು. ಜಿಗಿಯುವ ಪದ್ಧತಿಯೇ ಇಲ್ಲದಿದ್ದರೆ? ಜಪಾನಿನಲ್ಲಿ 1990ರ ದಶಕದ ಕುಸಿತದ ಕಾಲಕ್ಕೆ ಕಾಲೇಜು ಮುಗಿಸಿದವರನ್ನು ಅಲ್ಲಿ 'ಹಿಮಯುಗದ ಪೀಳಿಗೆ' ಎಂದೇ ಕರೆಯುತ್ತಾರೆ. ಆಗ ದೊಡ್ಡ ಕಂಪನಿಗಳು ಜನರನ್ನು ತೆಗೆದುಕೊಳ್ಳುತ್ತಿದ್ದುದು ಕಾಲೇಜು ಮುಗಿದ ಏಪ್ರಿಲ್‌ನಲ್ಲಿ ಒಮ್ಮೆ, ಆಮೇಲೆ ಜೀವಮಾನವಿಡೀ ಅಲ್ಲೇ. ಆ ಏಪ್ರಿಲ್ ತಪ್ಪಿದವರಲ್ಲಿ ಎಷ್ಟೋ ಮಂದಿ ಐವತ್ತು ಸಮೀಪಿಸಿದಾಗಲೂ ತಾತ್ಕಾಲಿಕ ಕೆಲಸಗಳಲ್ಲೇ ಇದ್ದರು. 2019ರಲ್ಲಿ ಅಲ್ಲಿನ ಸರ್ಕಾರ ಇವರಿಗೆಂದೇ ಪ್ರತ್ಯೇಕ ಯೋಜನೆ ರೂಪಿಸಬೇಕಾಯಿತು.

ಭಾರತದಲ್ಲಿ ಏಣಿಯಿಂದ ಕೆಳಗೆ ಬೀಳುವವರು ನಿರುದ್ಯೋಗಿಗಳಾಗಿ ಉಳಿಯುವುದು ಅಪರೂಪ. ಅಷ್ಟು ದಿನ ಸುಮ್ಮನೆ ಕೂರುವ ಅನುಕೂಲ ಹೆಚ್ಚಿನವರಿಗಿಲ್ಲ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2019ರ ಕೊನೆಗೆ ಭದ್ರತೆಯಿರುವ ಸಂಬಳದ ಕೆಲಸದಲ್ಲಿದ್ದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ 2020ರ ಕೊನೆಗೆ ಭದ್ರತೆಯಿಲ್ಲದ ದುಡಿಮೆಗೆ ಸರಿದಿದ್ದರು. ಶೇ 30ರಷ್ಟು ಮಂದಿ ಸ್ವಂತ ದುಡಿಮೆಗೆ, ಶೇ 10ರಷ್ಟು ದಿನಗೂಲಿಗೆ. ಸರ್ಕಾರದ ಸಮೀಕ್ಷೆಯಲ್ಲಿ ಕೃಷಿಯಲ್ಲಿ ತೊಡಗಿದವರ ಪಾಲು 2018-19ರಲ್ಲಿ ಶೇ 42.5 ಇದ್ದದ್ದು ಮರುವರ್ಷ ಶೇ 45.6 ಆಯಿತು, ದಶಕಗಳಿಂದ ಇಳಿಯುತ್ತಿದ್ದ ರೇಖೆ ಹಿಂದಕ್ಕೆ ತಿರುಗಿತು. ತಳ್ಳುಗಾಡಿ ಇಟ್ಟವನಿಗೆ, ಊರಿಗೆ ಮರಳಿ ತಮ್ಮಂದಿರ ಜೊತೆ ಹೊಲಕ್ಕಿಳಿದವನಿಗೆ ಸಂಬಳವೆಂಬುದೇ ಇಲ್ಲ. ಹೀಗಾಗಿ ಅವರು ಕಳೆದುಕೊಂಡದ್ದು ಸಂಬಳದ ಯಾವ ಸರಾಸರಿಯಲ್ಲೂ ಇಳಿಕೆಯಾಗಿ ಕಾಣುವುದಿಲ್ಲ.

ಒಬ್ಬೊಬ್ಬರನ್ನು ಹಿಂಬಾಲಿಸುವ ದಾಖಲೆ ನಮ್ಮಲ್ಲಿ ತೀರಾ ಕಡಿಮೆ. 2017ರಲ್ಲಿ ಆರಂಭವಾದ ಸರ್ಕಾರಿ ಕಾರ್ಮಿಕ ಸಮೀಕ್ಷೆ ನಗರದ ಒಂದು ಮನೆಗೆ ನಾಲ್ಕು ಸಲ ಹೋಗಿ ಬಿಟ್ಟುಬಿಡುತ್ತಿತ್ತು. ಕೆಲಸ ಬದಲಿಸಿದವನು ಬಹಳ ಸಲ ಮನೆಯನ್ನೂ ಬದಲಿಸುತ್ತಾನೆ. ಸಮೀಕ್ಷೆಯವರು ಬಾಗಿಲು ತಟ್ಟಿದಾಗ ಅಲ್ಲಿ ಬೇರೆ ಬಾಡಿಗೆದಾರ ಇರುತ್ತಾನೆ. ಇದಕ್ಕಿಂತ ಉದ್ದದ ದಾರ ಇರುವುದು ಭವಿಷ್ಯನಿಧಿ ಇಲಾಖೆಯ ಬಳಿ. 2014ರಿಂದ ಪ್ರತಿ ಸದಸ್ಯನಿಗೂ ಕಂಪನಿ ಬದಲಾದರೂ ಬದಲಾಗದ ಒಂದೇ ಸಂಖ್ಯೆ ಇದೆ. 2018ರಿಂದ ಇಲಾಖೆ ತಿಂಗಳು ತಿಂಗಳು ಹೊರಡಿಸುವ ಪಟ್ಟಿಯಲ್ಲಿ, ಒಂದು ಕಡೆ ಬಿಟ್ಟು ಇನ್ನೊಂದು ಕಡೆ ಸೇರಿದವರ ಎಣಿಕೆ ಬೇರೆಯಾಗಿಯೇ ಇರುತ್ತದೆ. ಈಚಿನ ವರ್ಷಗಳಲ್ಲಿ ಅದು ತಿಂಗಳಿಗೆ ಹತ್ತು ಲಕ್ಷಕ್ಕೂ ಹೆಚ್ಚು. ಈ ಅಧ್ಯಾಯದ ಪ್ರಶ್ನೆಗೆ ಬೇಕಾದ ಜನರೇ ಅವರು. ಆದರೆ ಆ ಪಟ್ಟಿ ಹೇಳುವುದು ಎಷ್ಟು ಮಂದಿ ಎಂದು ಮಾತ್ರ, ಎಷ್ಟಕ್ಕೆ ಎಂದಲ್ಲ. ಇಲಾಖೆಯ ಲೆಜರ್ ತೆರೆದರೂ ಪೂರ್ತಿ ಉತ್ತರ ಸಿಗಲಾರದು. 2014ರ ಸೆಪ್ಟೆಂಬರಿನಲ್ಲಿ ಭವಿಷ್ಯನಿಧಿಯ ವೇತನ ಮಿತಿಯನ್ನು 15,000 ರೂಪಾಯಿಗೆ ನಿಗದಿ ಮಾಡಿದ ಮೇಲೆ ಎಷ್ಟೋ ಕಂಪನಿಗಳು ಅಷ್ಟರ ಮೇಲೆ ಮಾತ್ರ ವಂತಿಗೆ ಕಟ್ಟುತ್ತವೆ. ನಲವತ್ತು ಸಾವಿರದ ಕೆಲಸ ಬಿಟ್ಟು ಎಪ್ಪತ್ತು ಸಾವಿರದ ಕೆಲಸ ಹಿಡಿದವನ ಹೆಸರಿನ ಮುಂದೆ ಅಲ್ಲಿ ಮೊದಲೂ 1,800 ರೂಪಾಯಿ, ಆಮೇಲೂ 1,800 ರೂಪಾಯಿ.